ಅಕ್ಕನ ಪಾಲಿನ ಅರ್ಧ ಕತ್ತರಿ

ನನ್ನ ಮೊಮ್ಮಗಳು ಕಬ್ಬಿಣಕ್ಕೆ ಕಂಬಳಿ ಹೊದಿಸುವ ವಿದ್ಯೆ ಕಲಿತಿದ್ದಾಳೆ. ಈ ಮಾತನ್ನು ನಾನು ಮಕ್ತಲ್ ಬಸ್ ನಿಲ್ದಾಣದಲ್ಲಿ ಗುರುತಿಲ್ಲದವರನ್ನು ನಿಲ್ಲಿಸಿ ಹೇಳಿದ್ದೇನೆ. ನನ್ನ ಓದು ಮೂರನೆಯ ಕ್ಲಾಸಿಗೇ ನಿಂತಿತು, ಆಮೇಲೆ ಕುರಿಗಳ ಹಿಂದೆ ಹೋದೆ. ಬರೆಯುವಾಗ ಒತ್ತಕ್ಷರ ತಪ್ಪಿದರೆ ಓದುವವರು ಹೊಂದಿಸಿಕೊಳ್ಳಬೇಕು. ಸಂತೋಷವಂತೂ ಎಲ್ಲೂ ಕಡಿಮೆ ಬಿದ್ದಿಲ್ಲ.

ತೆಲಂಗಾಣ ಬೇರೆಯಾಗಿ, ನಾರಾಯಣಪೇಟೆಯೂ ಜಿಲ್ಲೆ ಅನ್ನಿಸಿಕೊಂಡ ಮೇಲಿನ ಸಂಗತಿ ಇದು. ಮೊಮ್ಮಗಳು ಹೈದರಾಬಾದಿನಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಳು. ರಜೆಗೆ ಬಂದಾಗ ನಾನು ಉಣ್ಣೆ ಕತ್ತರಿಸುವ ಕತ್ತರಿಯ ತುಕ್ಕು ತಿಕ್ಕುತ್ತ ಕೂತಿದ್ದೆ. ಕುರಿಯ ಉಣ್ಣೆಯಲ್ಲಿ ಏನಿರುವುದಿಲ್ಲ ಹೇಳಿ? ಬೆವರು, ಜಿಡ್ಡು, ಉಚ್ಚೆ, ಕೃಷ್ಣೆ ದಂಡೆಯ ಮರಳು, ಜಾಲಿಮುಳ್ಳು. ಬೆವರು ಕಬ್ಬಿಣವನ್ನು ತಿನ್ನುತ್ತದೆ, ಮರಳು ಅದರ ಹರಿತವನ್ನು ತಿನ್ನುತ್ತದೆ. ನಾಲ್ಕು ಕುರಿ ಮುಗಿಯುವುದರೊಳಗೆ ಸಾಣೆಗಲ್ಲು ಬೇಕೇ ಬೇಕು. ನಮ್ಮಪ್ಪನ ಕಾಲದ ಆ ಕತ್ತರಿ ಸಾಣೆ ತಿಂದು ತಿಂದು ಬಡವಾಗಿತ್ತು. ಅವಳು ಅದನ್ನು ತಿರುಗಿಸಿ ನೋಡಿ, ತನ್ನ ಪ್ರಾಜೆಕ್ಟಿಗೆ ಇಂಥದ್ದೇ ಬೇಕಾಗಿತ್ತೆಂದು ಚೀಲದಲ್ಲಿ ಇಟ್ಟುಕೊಂಡು ಹೋದಳು.

ತಿರುಗಿ ತಂದಾಗ ಕತ್ತರಿಯ ಒಂದು ಅಲಗಿಗೆ ಬಂಗಾರದ ಬಣ್ಣ ಬಂದಿತ್ತು. ಇನ್ನೊಂದು ಇದ್ದ ಹಾಗೇ ಇತ್ತು. ಗಾಳಿಯನ್ನೆಲ್ಲ ಹೀರಿ ತೆಗೆದ ದೊಡ್ಡ ಡಬ್ಬಿಯೊಳಗೆ ಅಲಗನ್ನು ತೂಗುಹಾಕಿ, ಲೋಹವನ್ನು ಆವಿ ಮಾಡಿ, ನೈಟ್ರೋಜನ್ ಗಾಳಿ ಬಿಟ್ಟರೆ ಎರಡೂ ಕೂಡಿ ಅಲಗಿನ ಮೇಲೆ ಕೂರುತ್ತವಂತೆ. ಹಳೆಯ ಕಬ್ಬಿಣದ ಹದ ಕೆಡದ ಹಾಗೆ ಕಾವು ತಗ್ಗಿಸಿಟ್ಟಿದ್ದಳಂತೆ. ಟೈಟಾನಿಯಂ ನೈಟ್ರೈಡಿನದು ಒಂದು ಪದರ, ಅದರ ಮೇಲೆ ಕ್ರೋಮಿಯಂ ನೈಟ್ರೈಡಿನದು ಒಂದು, ಮತ್ತೆ ಮೊದಲಿನದು, ಹೀಗೆ ಮೇಲಿಂದ ಮೇಲೆ. ಎಲ್ಲ ಪದರ ಸೇರಿದರೂ ಉಣ್ಣೆಯ ಒಂದು ಎಳೆಗಿಂತ ತೆಳ್ಳಗೆ. ಇಷ್ಟೊಂದು ಪದರ ಯಾಕೆ, ಒಂದೇ ದಪ್ಪಗೆ ಬಳಿದರಾಗದೇ ಎಂದೆ. ಮಳೆಯಲ್ಲಿ ನಾನು ಕಂಬಳಿಯನ್ನು ಮಡಚಿ ಕೊಪ್ಪೆ ಹಾಕಿಕೊಳ್ಳುವುದನ್ನೇ ತೋರಿಸಿದಳು. ಮೇಲಿನ ಮಡಿಕೆಯಲ್ಲಿ ನೀರು ನುಸುಳಿದರೂ ಕೆಳಗಿನ ಮಡಿಕೆಯಲ್ಲಿ ದಾರಿ ತಪ್ಪುತ್ತದೆ. ಬಿರುಕಾದರೂ ತುಕ್ಕಾದರೂ ಹಾಗೆಯೇ ದಾರಿ ತಪ್ಪಬೇಕು. ನನಗೆ ಅಲ್ಲಿಂದ ಮುಂದಕ್ಕೆ ಏನೂ ಕೇಳುವುದು ಉಳಿಯಲಿಲ್ಲ.

ಹೊರಡುವಾಗ ಒಂದೇ ಮಾತು ಹೇಳಿದಳು.

“ಈ ಸಲದ ಉಣ್ಣಿ ಎಲ್ಲಾ ಇದರಿಂದನ ಕತ್ತರಿಸು ತಾತಾ. ಯಾವ ಅಲಗು ಎಷ್ಟು ಸವದೈತಿ ಅಂತ ನಮ್ಮ ಸಾರ್‌ಗೆ ತೋರಿಸಬೇಕು. ನೀ ಸಾಣಿಗಲ್ಲು ಮುಟ್ಟಿಸಿದಿ ಅಂದ್ರ ನನ್ನ ಒಂದು ವರ್ಷ ನೀರಾಗ ಹೋತು.”

ನನ್ನ ಕೈ ನಾನು ಕೇಳದೆಯೇ ಸಾಣೆಗಲ್ಲಿನ ಕಡೆ ಹೋಗುವಂಥದ್ದು. ಅದು ಗೊತ್ತಿದ್ದ ನನ್ನ ಹೆಂಡತಿ ಕಲ್ಲನ್ನು ಒಯ್ದು ಜೋಳದ ಗುಮ್ಮಿಯಲ್ಲಿ ಹೂತಳು. ಉಣ್ಣೆ ಮುಗಿಯುವವರೆಗೆ ನಾನು ಒಬ್ಬ ಅಪರಾಧಿಯ ಹಾಗೆ ಅವಳ ಕಣ್ಣ ಮುಂದೆಯೇ ಕೂತು ಕತ್ತರಿಸಿದೆ.

ಕೈ ಕಟ್ಟಿದರು, ಬಾಯಿಯನ್ನು ಯಾರೂ ಕಟ್ಟಲಿಲ್ಲ. ಕತ್ತರಿಯನ್ನು ಕಟ್ಟೆಗೆ ಒಯ್ದು ತೋರಿಸಿದೆ. ಪಕ್ಕದ ಮನೆಯ ಮುದುಕ ಅದು ಮೈಲಾರಲಿಂಗನ ಭಂಡಾರದ ಅರಿಸಿನವೆಂದು ಅಲಗಿಗೆ ಹೆಬ್ಬೆರಳು ಒರೆಸಿ ಹಣೆಗೆ ಹಚ್ಚಿಕೊಂಡ. ಹಣೆಗೆ ಏನೂ ಹತ್ತಲಿಲ್ಲ, ಹೆಬ್ಬೆರಳು ಮಾತ್ರ ಕೊಯ್ದುಕೊಂಡಿತು. ಮಕ್ತಲ್‌ನಲ್ಲಿ ಬಂಗಾರದ ಬಣ್ಣ ಎಂದಿದ್ದು ಗದ್ವಾಲಿಗೆ ಹೋಗುವಷ್ಟರಲ್ಲಿ ಬಂಗಾರದ ನೀರಾಯಿತು, ಮಲ್ದಕಲ್ ಮುಟ್ಟಿದಾಗ ಗಟ್ಟಿ ಬಂಗಾರ. ಮಲ್ದಕಲ್‌ನಲ್ಲಿ ನಮ್ಮ ಅಕ್ಕ ಇದ್ದಾಳೆ.

ಅಕ್ಕ ಮರುದಿನವೇ ಬಂದಳು. ಚಹಾ ಕುಡಿಯುವ ತನಕ ಕುರಿಗಳ ಆರೋಗ್ಯ ಕೇಳಿದಳು.

“ಮದುವಿಯೊಳಗ ನನಗ ಒಂದು ಕಂಬಳಿ ಕೊಟ್ಟು ಕಳಿಸಿದ್ರಿ” ಎಂದಳು ಆಮೇಲೆ. “ಕತ್ತರಿಗೆ ಅಲಗು ಎರಡು, ಅಪ್ಪಗ ಮಕ್ಕಳು ಇಬ್ರು.”

“ಹಂಗಾದ್ರ ಈ ಕಬ್ಬಿಣದ ಅಲಗು ತಗೋ, ಅಕ್ಕಾ.”

“ಹಿರೇರು ಮೊದಲ ಆರಿಸ್ಕೋಬೇಕು, ತಮ್ಮಾ.”

ಆರಿಸಿದ್ದು ಯಾವುದೆಂದು ಬರೆಯಬೇಕಾಗಿಲ್ಲ. ಅದನ್ನು ಕರಗಿಸಿ ಕೊರಳಿಗೆ ಬೋರಮಾಳ ಮಾಡಿಸುವುದಾಗಿ ಹೇಳಿದಳು. ಇದು ಬಂಗಾರವಲ್ಲ, ನೈಟ್ರೋಜನ್ ಅಂತ, ಯೂರಿಯಾದಲ್ಲಿಯೂ ಅದೇ ಇರುತ್ತದೆ ಎಂದೆ. ಮೊಮ್ಮಗಳು ಇಷ್ಟು ವರ್ಷ ಓದಿ ಕತ್ತರಿಗೆ ಯೂರಿಯಾ ಹಚ್ಚಿದಳೇ ಎಂದು ನಕ್ಕಳು. ಅವಳ ಪ್ರಾಜೆಕ್ಟಿನ ಪರೀಕ್ಷೆಗೆ ವಾರವೂ ಉಳಿದಿರಲಿಲ್ಲ. ಅಲಗು ಅಕ್ಕನ ಗಂಟಿನೊಳಗೆ ಹೋದರೆ ಹುಡುಗಿಯ ವರ್ಷವೂ ಅದರ ಜೊತೆಗೇ ಹೋಗುತ್ತಿತ್ತು. ಕೊನೆಗೆ ಗದ್ವಾಲಿನಲ್ಲಿ ಬಂಗಾರದ ಕೆಲಸ ಮಾಡುವ ಪತ್ತಾರರು ಹೇಳಿದ್ದಕ್ಕೆ ಇಬ್ಬರೂ ಒಪ್ಪಬೇಕೆಂದು ಬಸ್ ಹತ್ತಿದೆವು. ಕತ್ತರಿಯ ಒಂದು ಹಿಡಿ ನನ್ನ ಕೈಯಲ್ಲಿ, ಒಂದು ಹಿಡಿ ಅಕ್ಕನ ಕೈಯಲ್ಲಿ. ನಮ್ಮ ಮುಂದಿನ ಸೀಟಿನವರು ಎದ್ದು ಬೇರೆ ಕಡೆ ಹೋದರು.

ಪತ್ತಾರರು ಒರೆಗಲ್ಲು ತೆಗೆದು ಅಲಗಿನ ಬೆನ್ನನ್ನು ಉಜ್ಜಿದರು. ಬಂಗಾರವಾಗಿದ್ದರೆ ಕಲ್ಲಿನ ಮೇಲೆ ಹಳದಿ ಗೆರೆ ಬೀಳಬೇಕು. ಬೀಳಲಿಲ್ಲ. ಅಕ್ಕ ಇನ್ನೂ ಜೋರಾಗಿ ಉಜ್ಜಲು ಹೇಳಿದಳು. ಅವರು ಹಲ್ಲು ಕಚ್ಚಿ ಉಜ್ಜಿ, ಕಲ್ಲನ್ನು ಒರೆಸಿ ಬೆಳಕಿಗೆ ಹಿಡಿದರು.

“ಬಂಗಾರ ಮೆತ್ತಗಿರ್ತೈತ್ರಿ” ಎಂದರು ಕೊನೆಗೆ. “ಇದು ನಮ್ಮ ಮುತ್ಯಾನ ಕಾಲದ ಕಲ್ಲನ್ನ ಗೀರಿ ಹಾಕೇತಿ.”

ಅಕ್ಕನ ಬೋರಮಾಳ ಅಲ್ಲಿಗೆ ಮುಗಿಯಿತು. ನನ್ನ ಚಿಂತೆ ಅಲ್ಲಿಂದ ಶುರುವಾಯಿತು. ಮನೆಯ ಕಲ್ಲನ್ನು ಜೋಳದಲ್ಲಿ ಹೂತವರು ಗದ್ವಾಲಿಗೆ ಬಂದು ಬೇರೆ ಕಲ್ಲಿಗೆ ಉಜ್ಜಿಸಿದ್ದೆವಲ್ಲ! ಅಲ್ಲಿಂದಲೇ ಮೊಮ್ಮಗಳಿಗೆ ಫೋನ್ ಮಾಡಿ, ಅಳುವುದೊಂದು ಬಾಕಿ ಇಟ್ಟು ಎಲ್ಲ ಹೇಳಿದೆ. ಉಜ್ಜಿದ್ದು ಅಲಗಿನ ಬೆನ್ನೋ, ಕತ್ತರಿಸುವ ಬಾಯಿಯೋ ಎಂದು ಕೇಳಿದಳು. ಬೆನ್ನು ಎಂದೆ. ಕಲ್ಲಿಗೆ ಏನಾಯಿತು ಎಂದಳು. ಗೀರಾಯಿತು ಎಂದೆ. ಆ ಕಡೆ ಹುಡುಗಿ ಕುಣಿದ ಸಪ್ಪಳ ಕೇಳಿಸಿತು.

“ತಾತಾ, ಆ ಕಲ್ಲೂ ತಗೊಂಡು ಬಾ.”

ಪತ್ತಾರರು ಕಲ್ಲು ಕೊಡಲು ಒಪ್ಪಲಿಲ್ಲ. ಕಲ್ಲು ಹೋದಲ್ಲಿ ತಾವೂ ಬರುವುದಾಗಿ ಹೇಳಿ ಅಂಗಡಿ ಮುಚ್ಚಿದರು. ಅಕ್ಕನೂ ತನ್ನ ಅರ್ಧವನ್ನು ಒಂಟಿಯಾಗಿ ಕಳಿಸಲು ತಯಾರಿರಲಿಲ್ಲ. ಹೀಗೆ ಒಂದು ಕತ್ತರಿಯ ಸಂಗಡ ಮೂವರು ಮುದುಕರು ಹೈದರಾಬಾದಿನ ಕಾಲೇಜು ಹೊಕ್ಕೆವು.

ಮೇಷ್ಟ್ರು ಅಲಗುಗಳನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟರು, ಚಿತ್ರ ಗೋಡೆಯ ಮೇಲೆ ದೊಡ್ಡದಾಗಿ ಬಂತು. ಬರಿಯ ಅಲಗಿನ ಬಾಯಿ ಇಲಿ ಕಡಿದ ರೊಟ್ಟಿಯ ಹಾಗೆ, ತುಂಬ ತುಕ್ಕಿನ ಕುಳಿಗಳು. ಹಳದಿಯದು ನೇರ ಗೆರೆ. ತುದಿಯಲ್ಲಿ ಒಂದು ಕಡೆ ಪದರ ಕಿತ್ತಿತ್ತು. ಅದನ್ನು ಮೊಮ್ಮಗಳೇ ಬೆರಳಿಟ್ಟು ತೋರಿಸಿ, ಅಲ್ಲಿ ಮೊದಲೇ ಜಿಡ್ಡು ಸರಿಯಾಗಿ ಹೋಗಿರಲಿಲ್ಲವೆಂದಳು. ನಾನು ಸುಮ್ಮನಿರೆಂದು ಅವಳ ಸೆರಗು ಜಗ್ಗಬೇಕೆಂದಿದ್ದೆ. ಮೇಷ್ಟ್ರ ಮುಖ ಅರಳಿದ್ದು ಅದನ್ನು ಕೇಳಿಯೇ. ಒರೆಗಲ್ಲಿನ ಗೀರನ್ನು ಎಲ್ಲರೂ ಸರದಿಯಲ್ಲಿ ನೋಡಿದರು. ಪತ್ತಾರರು ಮಾತ್ರ ಕಲ್ಲನ್ನು ಕೈಬಿಡದೆ ತಾವೇ ಹಿಡಿದು ತೋರಿಸಿದರು.

ಹುಡುಗಿ ಪಾಸು! ಕತ್ತರಿಯನ್ನು ಕಾಲೇಜಿನ ಗಾಜಿನ ಕಪಾಟಿನಲ್ಲಿ ಇಡುತ್ತೇವೆ, ಕೊಡಿರಿ ಎಂದು ಮೇಷ್ಟ್ರು ತೆಲುಗಿನಲ್ಲಿ ಕೇಳಿದರು. ಆ ಸಂತೋಷದಲ್ಲಿ ನಾನು ಕುರಿ ಹಿಂಡನ್ನೇ ಕೊಟ್ಟುಬಿಡುತ್ತಿದ್ದೆ. ಅಕ್ಕ ಎದ್ದು ನಿಂತಳು.

“ಅರ್ಧ ನಂದೈತ್ರಿ. ನಾ ಕೊಡಂಗಿಲ್ಲ.”

ಯಾವ ಅರ್ಧ ಎಂದು ಅವರು ನಗುತ್ತ ಕೇಳಿದರು. ಅಕ್ಕ ಗೋಡೆಯ ಮೇಲಿನ ಎರಡೂ ಚಿತ್ರಗಳನ್ನು ನೋಡಿದಳು.

“ದುಡಿಯೋ ಅರ್ಧ” ಎಂದಳು.

ಹಾಗಾಗಿ ಅಪ್ಪನ ಕತ್ತರಿ ಮನೆಗೆ ಬಂತು. ಮೊಮ್ಮಗಳು ಇನ್ನೊಂದು ಅಲಗಿಗೆ ಸಾಣೆ ಹಿಡಿಸಿ, ಅದಕ್ಕೂ ಕಂಬಳಿ ಹೊದಿಸಿದ್ದಾಳೆ. ಈಗ ಯಾರ ಪಾಲು ಯಾವುದೆಂದು ನನಗೆ ತಿಳಿಯುವುದಿಲ್ಲ, ಅಕ್ಕನಿಗೆ ತಿಳಿಯುತ್ತದೆ. ಉಣ್ಣೆಯ ಕಾಲಕ್ಕೆ ಮಲ್ದಕಲ್‌ನಿಂದ ಬಂದು ಬೇವಿನ ನೆರಳಲ್ಲಿ ನನ್ನ ಎದುರಿಗೇ ಕೂರುತ್ತಾಳೆ. ಪ್ರತಿ ಕುರಿಗೂ ಒಮ್ಮೆ, ತನ್ನ ಕಡೆಯ ಅಲಗಿಗೆ ಮುಳ್ಳು ತಗುಲಿಸಬೇಡವೆಂದು ನೆನಪಿಸುತ್ತಾಳೆ.