ನಮ್ಮವರೂ ಒಂದು ಪಾಮ್ ಗಿಡವೂ

ನನಗೆ ಗಿಡಗಳ ಮೇಲೆ ದ್ವೇಷವಿಲ್ಲ. ಇರಕಲ್ಲಗಡದ ಒಕ್ಕಲುತನದ ಮನೆಯಲ್ಲಿ ಹುಟ್ಟಿದವಳಿಗೆ ಅದು ಸಾಧ್ಯವೂ ಇಲ್ಲ. ಆದರೆ ಸೋಫಾದ ಪಕ್ಕ ನಿಂತು, ಫ್ಯಾನಿನ ಗಾಳಿ ತಿನ್ನುತ್ತಾ, ಬಂದವರಿಂದ ಹೊಗಳಿಸಿಕೊಳ್ಳುವುದನ್ನೇ ಕಾಯಕ ಮಾಡಿಕೊಂಡದ್ದನ್ನು ನಾನು ಗಿಡ ಎಂದು ಒಪ್ಪುವುದಿಲ್ಲ. ಅದು ಊರಿಗೆ ಹೋಗಲೊಲ್ಲದ ಬೀಗ.

ನಮ್ಮವರು ನಿವೃತ್ತರಾದ ಮೇಲೆ ಕೊಪ್ಪಳದ ನಮ್ಮ ಮನೆಗೆ ಅಂಥ ಬೀಗನೊಬ್ಬ ಬಂದ. ಅರೆಕಾ ಪಾಮ್ ಎಂದು ಹೆಸರು. ಹೊಸಪೇಟೆ ರಸ್ತೆಯ ನರ್ಸರಿಯಿಂದ ಆಟೋದಲ್ಲಿ, ನಮ್ಮವರ ತೊಡೆಯ ಮೇಲೆ ಕುಳಿತು ಬಂದ. ನಾನು ಎರಡು ಬಾಣಂತನ ಮುಗಿಸಿ ತವರಿನಿಂದ ಬಂದಾಗಲೂ ಅವರು ಕೂಸನ್ನು ಅಷ್ಟು ಜೋಪಾನವಾಗಿ ಹಿಡಿದದ್ದನ್ನು ಕಂಡಿಲ್ಲ.

"ಇದು ಮನಿಯೊಳಗಿನ ಕೆಟ್ಟ ಗಾಳಿ ಎಳ್ಕೊಂತೈತಿ" ಎಂದರು.

"ಹಂಗಾದ್ರ ಕಿಟಕಿ ಎದಕ್ಕ ಇಡಿಸೀವ್ರಿ?" ಎಂದೆ. ಅವರು ಬಿಳಿ ಪಿಂಗಾಣಿ ಕುಂಡವನ್ನು ಯಾವ ಕೋನಕ್ಕೆ ತಿರುಗಿಸಿದರೆ ಚೆಂದ ಎಂಬ ಚಿಂತೆಯಲ್ಲಿದ್ದರು.

ತಾಳೆಯ ಕುಲ ಸಣ್ಣದಲ್ಲ. ಒಂದು ಕಾಲಕ್ಕೆ ನಮ್ಮ ವಿದ್ಯೆಯೆಲ್ಲ ಅದರ ಗರಿಯ ಮೇಲೆ ಕೂತಿತ್ತು. ತೆಂಗಿನ ಮಾತು ಬಿಡಿ, ದೇವರಿಗೂ ಅದಿಲ್ಲದೆ ನಡೆಯದು. ನಮ್ಮೂರ ಹಳ್ಳದ ದಂಡೆಯ ಈಚಲನ್ನೇ ನೋಡಿ. ಅದಕ್ಕೆ ಯಾರೂ ನೀರು ಹಾಕಿದ್ದಿಲ್ಲ, ಒಂದು ಒಳ್ಳೆಯ ಮಾತು ಆಡಿದ್ದೂ ಇಲ್ಲ. ಆದರೂ ಅದು ಹಣ್ಣು ಕೊಟ್ಟಿತು, ಹೆಂಡ ಕೊಟ್ಟಿತು, ಕಡೆಗೆ ಕಸಬರಿಗೆಯಾಗಿ ಮನೆ ಗುಡಿಸಿತು. ಇಂಥ ವಂಶದಲ್ಲಿ ಹುಟ್ಟಿದ ನಮ್ಮ ಪಡಸಾಲೆಯ ಈ ಕುಲಪುತ್ರನ ಗರಿಯ ಮೇಲೆ ಹಾಲಿನ ಲೆಕ್ಕವನ್ನೂ ಬರೆಯಲು ಬಾರದು. ಒಂದು ಹಿಡಿ ಕಸ ಗುಡಿಸುವ ಯೋಗ್ಯತೆಯೂ ಅದಕ್ಕಿಲ್ಲ.

ಬಂದ ಕೆಲವೇ ವಾರಗಳಲ್ಲಿ ಅದು ಹಳದಿಯಾಗತೊಡಗಿತು. ನಮ್ಮವರ ಉಪಚಾರ ಶುರುವಾಯಿತು. ನನ್ನ ಹಳೆಯ ಕಾಟನ್ ಸೀರೆಯ ತುಂಡಿನಿಂದ ಎಲೆಯೆಲೆಯ ಮೈ ಒರೆಸುವುದು, ಉಗುರು ಕತ್ತರಿಸುವ ಕತ್ತರಿಯಿಂದ ಒಣಗಿದ ತುದಿ ಕತ್ತರಿಸುವುದು. ಎಲ್ಲಕ್ಕಿಂತ ಹೆಚ್ಚಾಗಿ ನೀರು. ಮುಂಜಾನೆ ಒಂದು ತಂಬಿಗೆ, ಸಂಜೆ ಒಂದು ತಂಬಿಗೆ, ನಡುವೆ ಮನಸ್ಸು ಬಂದರೆ ಇನ್ನೊಂದು. ಎಲೆ ಹಳದಿಯಾದಷ್ಟೂ ನೀರು ಹೆಚ್ಚಾಯಿತು. ನೀರು ಹೆಚ್ಚಾದಷ್ಟೂ ಎಲೆ ಹಳದಿಯಾಯಿತು.

ಇದರ ಮರ್ಮ ಅವರ ನೌಕರಿಯಲ್ಲಿತ್ತು. ಅವರು ಗಂಗಾವತಿ ಕಡೆಯ ಕಾಲುವೆಯ ಮೇಲೆ ಜನ್ಮಪೂರ್ತಿ ದುಡಿದವರು. ಭತ್ತದ ಹೊತ್ತಿಗೆ ರೈತರು ಮನೆ ಬಾಗಿಲಿಗೇ ಬಂದು, "ಸಾಹೇಬ್ರ, ನೀರು ಬಿಡಸ್ರಿ" ಎಂದು ಕೈಮುಗಿಯುತ್ತಿದ್ದರು. "ನನ್ನ ಕೈಯಾಗ ಇಲ್ರಪಾ, ಮ್ಯಾಗಿನಿಂದ ಆರ್ಡರ್ ಬರಬೇಕು" ಎಂದು ಇವರೂ ಕೈಮುಗಿಯುತ್ತಿದ್ದರು. ನಿವೃತ್ತಿಯಾದದ್ದೇ ತಡ, ಫೋನು ಸುಮ್ಮನಾಯಿತು. ಕೇಳುವವರೂ ಇಲ್ಲ, ತಡೆಯುವವರೂ ಇಲ್ಲ. ಬಾಯಿಲ್ಲದ ಒಂದು ಗಿಡ ಮಾತ್ರ ಇತ್ತು. ಅಷ್ಟು ವರ್ಷ ಬಿಡಲಾಗದ ನೀರನ್ನೆಲ್ಲ ಅವರು ಆ ಒಂದು ಕುಂಡಕ್ಕೆ ಬಿಟ್ಟರು.

ಅದೇ ದಿನಗಳಲ್ಲಿ ನನಗೆ ಜ್ವರ ಬಂತು. ಮೈ ಕೆಂಡವಾಗಿ ಮಲಗಿದ್ದೆ. ನಮ್ಮವರು ಮೆಲ್ಲಗೆ ಬಂದು ಮಂಚದ ಅಂಚಿಗೆ ಕುಳಿತರು. ಮುಖ ಬಾಡಿತ್ತು. ಹಣೆ ಮುಟ್ಟಿ ನೋಡುತ್ತಾರೆಂದು ಕಣ್ಣು ಮುಚ್ಚಿದೆ.

"ಇನ್ನೂ ಎರಡು ಎಲಿ ಹೋದ್ವು ನೋಡು" ಎಂದರು.

"ನಾನೂ ಹೊಂಟೀನಿ. ನನ್ನ ಮ್ಯಾಲೂ ಒಂದು ತಂಬಿಗಿ ಸುರುವ್ರಿ!" ಎಂದೆ. ಅವರು ಬೆಚ್ಚಿಬಿದ್ದು ಗಂಜಿ ಮಾಡಿ ತಂದರು. ಉಪ್ಪಿರಲಿಲ್ಲ.

ನಾನು ಎದ್ದು ಓಡಾಡುವಂತಾದ ಮೇಲೆ ಯಲಬುರ್ಗಾದಲ್ಲಿರುವ ಅವರ ಅಕ್ಕ ಅಂಗಳದಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ನಮ್ಮವರು ಅಲ್ಲಿಯೇ ಇದ್ದು ನೋಡಿಕೊಳ್ಳಬೇಕಾಯಿತು. ಬಸ್ಸು ಹತ್ತುವಾಗಲೂ, "ಎರಡೂ ಹೊತ್ತು ನೀರು, ಮರೀಬ್ಯಾಡ" ಎಂದರು. ನನ್ನ ಮಾತ್ರೆಯ ಬಗ್ಗೆ ಮಾತಿಲ್ಲ.

ನಾನು ಪಾಠ ಹೇಳುವ ಕಾಲೇಜಿನ ಉತ್ತರ ಪತ್ರಿಕೆಗಳ ಕಟ್ಟು ತಿದ್ದಲು ಮನೆಗೆ ಬಂದಿತ್ತು. ಹರಡಿ ಕೂರಲು ಬೀಗನ ಜಾಗವೇ ಬೇಕಿತ್ತು. ಕುಂಡವನ್ನು ಕಿಟಕಿಯ ಕಡೆಗೆ ಎಳೆದೆ. ಅದು ಒಂದು ಮಗ್ಗುಲಿಗೆ ವಾಲಿ, ನಾರುವ ನೀರು ನೆಲದ ತುಂಬ ಹರಿಯಿತು. ಚೆಂದದ ಕುಂಡಕ್ಕೆ ತಳದಲ್ಲಿ ತೂತೇ ಇರಲಿಲ್ಲ! ಬಯ್ಯುತ್ತಾ ಒರೆಸಿದೆ. ಇಷ್ಟು ಕುಡಿದವನಿಗೆ ಮತ್ತೆ ನೀರು ಕೊಡುವ ಮಾತೇ ಇಲ್ಲ ಎಂದು ತಂಬಿಗೆಯನ್ನು ಮೇಲಿಟ್ಟೆ.

ದಿನವೂ ಫೋನು ಬರುತ್ತಿತ್ತು. "ನೀರು ಹಾಕಿದಿ?"

"ಹ್ಞೂಂ" ಎನ್ನುತ್ತಿದ್ದೆ. ಗಿಡ ಸತ್ತರೆ ಸಾಯಲಿ, ಅಲ್ಲಿಗೆ ಪಡಸಾಲೆ ನನ್ನದಾಗುತ್ತದೆ ಎಂಬ ಲೆಕ್ಕ ನನ್ನದು.

ಅದು ಸಾಯಲಿಲ್ಲ. ಒಂದು ಮುಂಜಾನೆ ಪರದೆ ಸರಿಸುತ್ತೇನೆ, ಹಳದಿ ಎಲೆಗಳ ನಡುವಿನಿಂದ ಹಸಿರು ಸುಳಿಯೊಂದು ಸೂಜಿಯಂತೆ ನೆಟ್ಟಗೆ ನಿಂತಿದೆ. ನನಗಾದದ್ದು ಸಂತೋಷವಲ್ಲ, ಸಿಟ್ಟು. ಇಷ್ಟು ನಾಚಿಕೆಗೆಟ್ಟ ಗಿಡವೇ? ಆರೈಕೆ ಮಾಡಿದವರ ಎದುರು ಸಾಯುವುದು, ತಿರುಗಿಯೂ ನೋಡದವಳ ಎದುರು ಚಿಗುರುವುದು!

ನಮ್ಮವರು ಬಂದು ಅದನ್ನು ನೋಡಿದರು. ಚಪ್ಪಲಿ ಬಿಡುವುದನ್ನೂ ಮರೆತು ಹಾಗೇ ನಿಂತರು. ಅವತ್ತೇ ಸಂಜೆ ಅವರ ಹಳೆಯ ಜೊತೆಗಾರ ಮೌನೇಶಪ್ಪ ಹಿಟ್ನಾಳದಿಂದ ಬಂದರು. ಅವರೂ ಕಾಲುವೆಯ ನೌಕರಿಯಿಂದ ನಿವೃತ್ತರಾದವರೇ. ನಾನು ಚಹಾ ತರುವ ಹೊತ್ತಿಗೆ ನಮ್ಮವರ ಉಪನ್ಯಾಸ ನಡೆದಿತ್ತು.

"ನೀರು ಯಾವಾಗ ಬಿಡಬೇಕು, ಎಷ್ಟು ಬಿಡಬೇಕು, ಅದು ತಿಳಿದಿರಬೇಕು ಮೌನೇಶಪ್ಪ. ಯಲಬುರ್ಗಾದಾಗ ಕುಂತು ಫೋನಿನ್ಯಾಗ ಉಳಿಸೀನಿ ಇದನ್ನ."

"ಹೌದೇನ್ರಿ ಅಕ್ಕಾರ?" ಎಂದು ಮೌನೇಶಪ್ಪ ನನ್ನತ್ತ ತಿರುಗಿದರು.

ಸತ್ಯ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹೇಗೆ ಹೇಳಬೇಕೆಂದು ಫೋನು ಬಂದಾಗಲೆಲ್ಲ ಮನಸ್ಸಿನಲ್ಲೇ ಮಸೆದು ಇಟ್ಟಿದ್ದೆ. ಆದರೆ ನಮ್ಮವರ ಮುಖ ನೋಡಿದೆ. ನಿವೃತ್ತಿಯ ದಿನ ಹಾಕಿದ ಹಾರದ ಜೊತೆಗೇ ಎಲ್ಲೋ ತೆಗೆದಿಟ್ಟಿದ್ದ ಸಾಹೇಬರ ಗತ್ತು ಮರಳಿ ಬಂದಿತ್ತು. ಬೆನ್ನು ನೆಟ್ಟಗಾಗಿತ್ತು.

"ಹೌದ್ರಿ," ಎಂದೆ. "ಇವರು ಹೇಳಿದಂಗ ಮಾಡಿದೆ."

ಮೌನೇಶಪ್ಪ ಹೋದ ಮೇಲೆ ನಮ್ಮವರು ತಂಬಿಗೆ ತುಂಬಿಕೊಂಡು ಬಂದರು. ನಾನು ಅಡ್ಡ ನಿಂತೆ.

"ವಾರಕ್ಕ ಒಮ್ಮೆ ಸಾಕ್ರಿ. ನೀವ ಹೇಳಿದ್ರಲ್ಲ ಫೋನಿನ್ಯಾಗ?"

"ನಾ ಹಂಗ ಹೇಳಿದ್ನಿ?"

"ಹೇಳಿದ್ರಿ. ಕುಂಡಕ್ಕ ತೂತು ಹಾಕಿಸು ಅಂತನೂ ಹೇಳಿದ್ರಿ."

"ಹೇಳಿರಬೇಕು ಬಿಡು" ಎಂದು ತಂಬಿಗೆಯ ನೀರನ್ನು ತಾವೇ ಕುಡಿದರು.

ಆ ಗಿಡದ ಮೇಲೆ ನನ್ನ ತಿರಸ್ಕಾರ ಕಿಂಚಿತ್ತೂ ಕಡಿಮೆಯಾಗಿಲ್ಲ. ಇವತ್ತಿಗೂ ಅದು ದಂಡಪಿಂಡವೇ. ಆದರೆ ಒಬ್ಬ ಮನುಷ್ಯ ತನ್ನ ಮನೆಯೊಳಗೆ ಮತ್ತೆ ತಲೆಯೆತ್ತಿ ಓಡಾಡಲು ಇಂಥದೊಂದು ದಂಡಪಿಂಡ ಬದುಕಿರಬೇಕು ಎಂದಾದರೆ, ಬದುಕಲಿ ಬಿಡಿ. ಪಡಸಾಲೆ ದೊಡ್ಡದಿದೆ.