ನಾವು ಹಲ್ಲು ತಿಕ್ಕುವವರು

"ಚಟಾ ಏನಾರ ಅದಾವೇನ್ರೀ?" ಎಂದು ಡಾಕ್ಟರು ಕೇಳಿದಾಗ ಅವ್ವನಿಗೆ ಸಿಟ್ಟು ನೆತ್ತಿಗೇರಿತು.

"ಲಿಂಗಾ ಕಟ್ಕೊಂಡ ಹೆಣ್ಮಗಳಿಗೆ ಕೇಳೂ ಮಾತೇನ್ರೀ ಇದು?"

ಡಾಕ್ಟರು ಮಗಳಾದ ನನ್ನ ಕಡೆ ನೋಡಿದರು. ನಾನೂ "ಏನೂ ಇಲ್ರೀ" ಎಂದೆ. ಸುಳ್ಳು ಹೇಳಬೇಕೆಂದು ಹೇಳಲಿಲ್ಲ, ಅದೇ ಇವತ್ತಿಗೂ ನನ್ನ ಹೊಟ್ಟೆ ಉರಿಸುವುದು. ಅವ್ವನ ವಸಡಿನ ಬಿಳಿ ಕಲೆಗೆ ಮುಲಾಮು ಬರೆಸಿಕೊಂಡು ಬೆಳಗಾವಿಯಿಂದ ಖಾನಾಪುರದ ಬಸ್ಸು ಹತ್ತಿದೆವು. ಎರಡು ಸಾವಿರದ ಇಸವಿ ಆಗಷ್ಟೇ ಕಳೆದಿತ್ತು.

ನಮ್ಮ ಮನೆಯಲ್ಲಿ ಚಟ ಎಂದರೆ ಅಪ್ಪನ ಕುಡಿತ. "ಮನಸ್ ಮಾಡಿದ್ರ ಬಿಡಾಕ ಆಗೂದಿಲ್ಲೇನು? ಥೂ, ನಿನ್ನ ಬಾಯಾಗ ಮಣ್ಣ ಹಾಕ!" ಎಂದು ಅವ್ವ ಅವನನ್ನು ಸಾಯುವವರೆಗೂ ಹುರಿದು ಮುಕ್ಕಿದಳು. ಬೈದು ಮುಗಿಸಿ, ಡಬ್ಬಿ ತೆರೆದು, ಮಶೇರಿ ತಿಕ್ಕುತ್ತ ಕೂಡುತ್ತಿದ್ದಳು. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗೆ ಹುರಿದು ಕುಟ್ಟಿದ ಪುಡಿ ಅದು. ಬೆರಳಿಗೆ ಹಚ್ಚಿ ಹಲ್ಲು ತಿಕ್ಕುವುದು. ಬೆಳಿಗ್ಗೆ ಒಮ್ಮೆ, ಉಂಡ ಮೇಲೆ ಒಮ್ಮೆ, ಬಾಜೂಮನೆಯವರು ಬಂದರೆ ಅವರ ಜೊತೆ ಒಮ್ಮೆ. ಹಲ್ಲು ತಿಕ್ಕುವುದು ಯಾವ ಊರಿನಲ್ಲಿ ಚಟ?

ಹದಿನಾರರಲ್ಲಿ ನನಗೆ ಹಲ್ಲುನೋವು ಬಂದಾಗ ಅವಳೇ ನನಗೂ ಕಲಿಸಿದಳು. ತಿಕ್ಕದ ದಿನ ತಲೆ ಸಿಡಿಯುತ್ತಿತ್ತು, ಹೊಟ್ಟೆ ಸಾಫಾಗುತ್ತಿರಲಿಲ್ಲ, ನೌಕರಿ ಸೇರಿದ ಮೇಲೆ ಕಚೇರಿಯಲ್ಲಿ ಕಂಡಕಂಡವರ ಮೇಲೆ ಹರಿಹಾಯುತ್ತಿದ್ದೆ. ಅದಕ್ಕೆ ಪಿತ್ತ ಎಂದು ಹೆಸರಿಟ್ಟಿದ್ದೆವು. ನಮ್ಮ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿತ್ತು, ನಾವು ಅಪ್ಪನ ಎಲೆಯ ನೊಣ ಹೊಡೆಯುತ್ತಿದ್ದೆವು.

ವರ್ಷದೊಳಗೆ ಕಲೆ ಹುಣ್ಣಾಯಿತು. ತುಣುಕು ತೆಗೆದು ಪರೀಕ್ಷಿಸಿ ಕ್ಯಾನ್ಸರ್ ಎಂದರು. ಈ ಸಲ ಡಾಕ್ಟರು, "ಹಲ್ಲು ಯಾತರಿಂದ ತಿಕ್ಕತೀರಿ?" ಎಂದು ಕೇಳಿದರು. ಅವ್ವ ಹೆಮ್ಮೆಯಿಂದ ಹೇಳಿದಳು. ಅವರು ಪೆನ್ನು ಕೆಳಗಿಟ್ಟರು.

"ಇವತ್ತಿಂದ ಬಂದ್ ಮಾಡ್ರಿ. ಆಪರೇಶನ್ ಆದಮ್ಯಾಲೂ ಮುಟ್ಟಬ್ಯಾಡ್ರಿ. ಇಲ್ಲಂದ್ರ ನಾ ಏನೂ ಮಾಡಾಕ ಆಗೂದಿಲ್ಲ."

ಬೆಳಗಾವಿಯ ರಾಮತೀರ್ಥ ನಗರದ ನನ್ನ ಬಾಡಿಗೆ ಮನೆಗೆ ಅವ್ವನನ್ನು ಕರೆತಂದೆ. ಅವಳ ಡಬ್ಬಿಯನ್ನು ಗಟಾರಕ್ಕೆ ಎಸೆದು, ರಜೆ ಹಾಕಿ ಕಾವಲು ಕುಳಿತೆ. ಮೊದಲ ದಿನ ಅವಳು ನನ್ನ ಏಳು ತಲೆಮಾರು ಜಾಲಾಡಿದಳು, ಅದರಲ್ಲಿ ತಾನೂ ಇದ್ದಾಳೆಂಬ ಖಬರಿಲ್ಲದೆ. ಮರುದಿನ ಕಾಲಿಗೆ ಬಿದ್ದಳು. ಹೆತ್ತವಳು ಕಾಲಿಗೆ ಬೀಳುವುದನ್ನು ಶತ್ರುವೂ ನೋಡಬಾರದು. ಮೂರನೆಯ ದಿನ ನೋಡಿದರೆ, ಸೀದ ರೊಟ್ಟಿಯ ಕರಿ ಕೆರೆದು ವಸಡಿಗೆ ತಿಕ್ಕುತ್ತಿದ್ದಾಳೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಮನಸ್ ಮಾಡಿದ್ರ ಬಿಡಾಕ ಆಗೂದಿಲ್ಲೇನ ಅವ್ವ? ಅಪ್ಪಗ ಹಂಗ ಅಂತಿದ್ದಿ!"

ಅವಳು ರೊಟ್ಟಿ ಕೆಳಗಿಟ್ಟಳು.

"ಅವಗೂ ಹಿಂಗ ಆಗ್ತಿತ್ತೇನ?" ಎಂದಳು. "ಯವ್ವಾ, ಒಂದ ದಿನಾನೂ ಕೇಳಲಿಲ್ಲಲ್ಲ ನಾ."

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಬಾಜೂಕ್ಕೆ ಕುಳಿತೆ. "ಕೈ ಕೊಡು" ಎಂದಳು. ಅಳು ಬಂದಿದೆ, ಹಿಡಿದುಕೊಳ್ಳುತ್ತಾಳೆ ಎಂದುಕೊಂಡು ಕೊಟ್ಟೆ. ಅವಳು ನನ್ನ ತೋರುಬೆರಳನ್ನು ಮೂಗಿಗೆ ಹಿಡಿದಳು. ಆ ಬೆಳಿಗ್ಗೆ ಬಚ್ಚಲ ಬಾಗಿಲು ಹಾಕಿಕೊಂಡು ನಾನು ಮಶೇರಿ ತಿಕ್ಕಿ ಬಂದಿದ್ದೆ, ಸೋಪು ಹಚ್ಚಿ ಎರಡು ಸಲ ತೊಳೆದಿದ್ದೆ.

"ಕಳ್ಳಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಆಸೆಯಿತ್ತು. ಆ ಬೆರಳನ್ನು ಬಾಯಿಗಿಟ್ಟುಕೊಂಡು, ಹುಣ್ಣಿನ ಮೇಲೆಯೇ ತಿಕ್ಕಿಕೊಳ್ಳತೊಡಗಿದಳು. ನಾನು ಕೈ ಎಳೆದುಕೊಳ್ಳಲಿಲ್ಲ.