ಮಗನ ಇನ್ನೊಂದು ತಲೆ

ಹುಟ್ಟಿದ ಮೊದಲ ಮೂರು ತಿಂಗಳು ನನ್ನ ಮಗ ಗೋಡೆಯನ್ನೇ ನೋಡುತ್ತಿದ್ದ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಆಂಟಾಪ್ ಹಿಲ್‌ನ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಎರಡನೆಯ ಮಹಡಿಯ ಒಂದು ಕೋಣೆ, ಒಂದು ಅಡುಗೆಮನೆ ನಮ್ಮದು. ಗಂಡನಿಗೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ. ನನ್ನ ಬಾಣಂತನಕ್ಕೆಂದು ಮೈಸೂರಿನಿಂದ ಬಂದ ಅತ್ತೆ ಜೊತೆಗಿದ್ದರು. ತೊಟ್ಟಿಲಿನ ಬಲಕ್ಕೆ ಇದ್ದದ್ದು ಬರಿಯ ಗೋಡೆ. ಮಳೆಗಾಲದ ತೇವಕ್ಕೆ ಸುಣ್ಣ ಉಬ್ಬಿದ್ದು ಬಿಟ್ಟರೆ ಅದರ ಮೇಲೆ ಒಂದು ಕ್ಯಾಲೆಂಡರ್ ಕೂಡ ಇರಲಿಲ್ಲ. ಮಗು ಅತ್ತ ಮುಖ ಮಾಡಿಯೇ ಮಲಗುತ್ತಿತ್ತು, ಎಚ್ಚರವಾದರೂ ಅತ್ತಲೇ ನೋಡುತ್ತಿತ್ತು, ಒಮ್ಮೊಮ್ಮೆ ನಗುತ್ತಿತ್ತು. ಎಡಗಡೆ ಗಿಲಕಿ ಆಡಿಸಿದರೆ ಕಣ್ಣುಗುಡ್ಡೆ ಮಾತ್ರ ಹೊರಳುತ್ತಿತ್ತು. ತಲೆ ಅಲುಗುತ್ತಿರಲಿಲ್ಲ.

"ಅಲ್ಲಿ ಯಾರೋ ಇದಾರೆ ಕಣೇ," ಅಂದರು ಅತ್ತೆ ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತ. ಹೆದರಿಸುವ ದನಿಯಲ್ಲಲ್ಲ. ಹಾಲಿನವನು ಬಂದ ಅನ್ನುವ ಹಾಗೆ.

ನಾನು ತಕ್ಷಣ ಎದ್ದು ತೊಟ್ಟಿಲನ್ನು ತಿರುಗಿಸಿ ಇಟ್ಟೆ. ಈಗ ಮಗುವಿನ ಬಲಕ್ಕೆ ಕಿಟಕಿ, ಎಡಕ್ಕೆ ಗೋಡೆ. ಮಗು ಬಲಕ್ಕೇ ತಿರುಗಿಕೊಂಡು ಕಿಟಕಿಯತ್ತ ನೋಡತೊಡಗಿತು.

"ನೋಡಿ, ಗೋಡೆ ಹತ್ರ ಯಾರೂ ಇಲ್ಲ," ಅಂದೆ.

ಅತ್ತೆ ಮೊರದಿಂದ ತಲೆ ಎತ್ತಲಿಲ್ಲ. "ನೀನು ಮಗೂನ ತಿರುಗಿಸಿದೆ. ಅವರೂ ಎದ್ದು ಈ ಕಡೆ ಬಂದರು."

ಎಣ್ಣೆ ಹಚ್ಚುವಾಗ ನನ್ನ ಅಂಗೈಗೆ ವಿಷಯ ಗೊತ್ತಾಯಿತು. ತಲೆಯ ಹಿಂದೆ, ಬಲಭಾಗ, ಮಣೆಯ ಮೇಲಿಟ್ಟು ಒತ್ತಿದ ಹಿಟ್ಟಿನ ಉಂಡೆಯ ಹಾಗೆ ಚಪ್ಪಟೆಯಾಗಿತ್ತು. ಬಲಗಿವಿ ಎಡಗಿವಿಗಿಂತ ಮುಂದೆ ಸರಿದಿತ್ತು. ಮೇಲಿನಿಂದ ನೋಡಿದರೆ ಇಡೀ ತಲೆಯೇ ಓರೆ. ಅತ್ತೆ ಸಾಸಿವೆ ದಿಂಬು ಹೊಲಿದರು. ಮಗು ಅದರ ಮೇಲೂ ಬಲಕ್ಕೇ ಮಲಗಿತು.

ಬಾಂದ್ರಾದ ಮಕ್ಕಳ ಡಾಕ್ಟರು ವಯಸ್ಸಾದವರು, ಮೆಲ್ಲಗೆ ಮಾತಾಡುವವರು. ಕುತ್ತಿಗೆಯ ಒಂದು ಕಡೆಯ ಸ್ನಾಯು ಬಿಗಿಯಾಗಿದೆ, ಅದಕ್ಕೇ ಮಗು ಒಂದೇ ಕಡೆ ತಿರುಗುತ್ತದೆ, ಒಂದೇ ಕಡೆ ಮಲಗಿ ತಲೆ ಚಪ್ಪಟೆಯಾಗಿದೆ ಎಂದು ವಿವರಿಸಿದರು. ದಿನಕ್ಕೆ ನಾಲ್ಕು ಸಲ ಕುತ್ತಿಗೆಗೆ ವ್ಯಾಯಾಮ ಮಾಡಿಸುವುದನ್ನು ತೋರಿಸಿಕೊಟ್ಟರು. ಎರಡು ತಿಂಗಳ ನಂತರ ಮತ್ತೆ ಪರೀಕ್ಷಿಸಿ, ತಲೆ ಹಾಗೆಯೇ ಇದೆ, ಹೆಲ್ಮೆಟ್ ಹಾಕಿಸೋಣ ಅಂದರು.

"ಹೆಲ್ಮೆಟ್ಟೇ? ಸ್ಕೂಟರ್‌ನವರ ಥರ?" ಎಂದು ಕೇಳಿದರು ಗಂಡ.

ಹೊರದೇಶದಲ್ಲಿ ಮಾಡುತ್ತಾರೆ, ಇಲ್ಲಿ ತಾನು ಇದುವರೆಗೆ ಒಂದಿಬ್ಬರಿಗೆ ಮಾಡಿಸಿದ್ದೇನೆ ಅಂದರು ಡಾಕ್ಟರು. ಮಾಡುವವರು ಕೃತಕ ಕೈಕಾಲು ತಯಾರಿಸುವ ಕಾರ್ಖಾನೆಯವರು.

ಆ ಕಾರ್ಖಾನೆ ಬಾಂದ್ರಾ ಸ್ಟೇಷನ್ನಿಗೆ ಹತ್ತಿರ, ಒಂದು ಹಳೆಯ ಬಂಗಲೆಯ ಹಿಂಭಾಗದಲ್ಲಿತ್ತು. ಒಳಗೆ ಗಾಳಿಯಲ್ಲಿ ಪ್ಲಾಸ್ಟರಿನ ಬಿಳಿ ಪುಡಿ ತೇಲುತ್ತಿತ್ತು. ಸೂರಿನಿಂದ ಕಾಲುಗಳು ತೂಗಾಡುತ್ತಿದ್ದವು. ಹಲಗೆಗಳ ಮೇಲೆ ಪ್ಲಾಸ್ಟರಿನ ಕೈ, ಪಾದ, ಒಂದು ಇಡೀ ಬೆನ್ನು. ನಾವು ಕನ್ನಡ ಮಾತಾಡುವುದನ್ನು ಕೇಳಿ ಅಲ್ಲಿಯ ಕುಶಲಕರ್ಮಿಯ ಮುಖ ಅರಳಿತು. ಐವತ್ತರ ಆಸುಪಾಸಿನ ಮನುಷ್ಯ, ಬಿಜಾಪುರದ ಕಡೆಯವನು.

"ಬರ್ರಿ ಅಕ್ಕಾರ. ಕೂಸನ್ನ ತೊಡಿ ಮ್ಯಾಲ ಕುಂದ್ರಿಸ್ಕೊರಿ. ಹೆದರಬ್ಯಾಡ್ರಿ."

ಮಗುವಿನ ತಲೆಗೆ ಕಾಲುಚೀಲದಂಥ ತೆಳು ಬಟ್ಟೆ ಹಾಕಿ, ಮುಖಕ್ಕೆ ಜಾಗ ಬಿಟ್ಟು, ಒದ್ದೆ ಪ್ಲಾಸ್ಟರ್ ಪಟ್ಟಿಗಳನ್ನು ಸುತ್ತುತ್ತ ಹೋದ. ಅಲ್ಲಿಯವರೆಗೆ ಬೊಬ್ಬೆ ಹೊಡೆಯುತ್ತಿದ್ದ ಮಗು ಕಿವಿಗಳು ಮುಚ್ಚಿದ್ದೇ ತಟ್ಟನೆ ಸುಮ್ಮನಾಯಿತು. ಕಣ್ಣು ತೆರೆದೇ ಇತ್ತು. ರೆಪ್ಪೆ ಬಡಿಯಲಿಲ್ಲ. ಪ್ಲಾಸ್ಟರು ಬಿಸಿಯಾಗುತ್ತ ಗಟ್ಟಿಯಾಗುತ್ತಿರುವುದು ನನ್ನ ತೋಳಿಗೆ ತಾಗುತ್ತಿತ್ತು.

"ಯಾಕೆ ಅಳ್ತಾ ಇಲ್ಲ?" ಎಂದು ಕೇಳಿದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು.

"ತನ್ನ ಉಸುರು ತಾನ ಕೇಳಾಕ ಹತ್ತೈತ್ರಿ," ಅಂದ ಅವನು.

ವಾರದ ನಂತರ ಹೆಲ್ಮೆಟ್ ತರಲು ಹೋದಾಗ ಹಲಗೆಯ ಮೇಲೆ, ಎರಡು ಪಾದಗಳ ನಡುವೆ, ನನ್ನ ಮಗನ ತಲೆ ಇತ್ತು. ಬಿಳಿಯದು. ಹಣೆ, ಹುಬ್ಬಿನ ಏಣು, ಮೂಗಿನ ಬುಡ, ಎರಡು ಕಿವಿಗಳು. ಕಣ್ಣಿನ ಜಾಗ ನುಣುಪು. ಅಚ್ಚಿನಿಂದ ತೆಗೆದ ಮೇಲೆ ಚಪ್ಪಟೆ ಇದ್ದ ಕಡೆ ಇನ್ನಷ್ಟು ಪ್ಲಾಸ್ಟರ್ ಮೆತ್ತಿ, ಉಜ್ಜಿ ದುಂಡಗೆ ಮಾಡಿದ್ದ. ಹೆಲ್ಮೆಟ್ಟನ್ನು ಈ ದುಂಡು ತಲೆಯ ಮೇಲೆ ಕಟ್ಟುತ್ತಾರಂತೆ. ಖಾಲಿ ಉಳಿಯುವ ಜಾಗಕ್ಕೆ ಮಗುವಿನ ತಲೆ ತಾನಾಗಿ ಬೆಳೆದು ತುಂಬಿಕೊಳ್ಳುತ್ತದಂತೆ.

"ಇದು ಈಗಿನ ತಲಿ ಅಲ್ಲರಿ. ಮುಂದ ಆಗೋ ತಲಿ," ಅಂದ.

ನನ್ನ ಮಗ ಹುಟ್ಟಿದಂದಿನಿಂದ ನನ್ನನ್ನು ಮುಖಾಮುಖಿಯಾಗಿ ನೋಡಿರಲಿಲ್ಲ. ಎತ್ತಿಕೊಂಡರೆ ಯಾವಾಗಲೂ ನನ್ನ ಭುಜದಾಚೆಗೆ ನೋಟ. ಹಲಗೆಯ ಮೇಲಿನದು, ಕಣ್ಣಿಲ್ಲದಿದ್ದರೂ, ನೆಟ್ಟಗೆ ನನ್ನನ್ನೇ ನೋಡುತ್ತಿತ್ತು.

ದಿನಕ್ಕೆ ಇಪ್ಪತ್ತಮೂರು ಗಂಟೆ ಹೆಲ್ಮೆಟ್, ಸ್ನಾನಕ್ಕೆಂದು ಒಂದು ಗಂಟೆ ಬಿಡುವು. ಒಳಗೆ ಸ್ಪಂಜು, ಗದ್ದದ ಕೆಳಗೆ ಪಟ್ಟಿ. ವಡಾಲಾದಿಂದ ಬಾಂದ್ರಾಕ್ಕೆ ಹೋಗುವ ಲೋಕಲ್‌ನಲ್ಲಿ ಎದುರು ಕೂತ ಹೆಂಗಸು ನಮ್ಮನ್ನು ಕಂಡು, ತೊಡೆಯ ಮೇಲಿದ್ದ ತನ್ನ ಮಗುವಿನ ಮುಖವನ್ನು ಸೆರಗಿನಿಂದ ಮುಚ್ಚಿದಳು. ಪಕ್ಕದ ಬ್ಲಾಕಿನವರು ಮಗುವನ್ನು ಆಡಿಸಲು ಬರುವುದನ್ನು ನಿಲ್ಲಿಸಿದರು. ಮುತ್ತಿಡಲು ಹೋದರೆ ತುಟಿಗೆ ಪ್ಲಾಸ್ಟಿಕ್ಕು. ಸ್ನಾನದ ಹೊತ್ತಿನಲ್ಲಿ ಕಿಟಕಿಯ ಕಟ್ಟೆಯ ಮೇಲಿಟ್ಟ ಹೆಲ್ಮೆಟ್ಟಿನೊಳಗೆ ಕೈ ಹಾಕಿದರೆ ಬೆಚ್ಚಗಿರುತ್ತಿತ್ತು, ಯಾರೋ ಈಗಷ್ಟೇ ಎದ್ದುಹೋದ ಹಾಸಿಗೆಯ ಹಾಗೆ. ಅತ್ತೆ ಅದರ ಮೇಲೆ ಟವೆಲ್ ಹೊದಿಸುತ್ತಿದ್ದರು.

ತಲೆ ಬೆಳೆದಂತೆ ಜಾಗವಾಗಲೆಂದು ಮೂರು ವಾರಕ್ಕೊಮ್ಮೆ ಒಳಗಿನ ಸ್ಪಂಜು ಕೆರೆಸಲು ಕಾರ್ಖಾನೆಗೆ ಹೋಗಬೇಕಿತ್ತು. ಹೋದಾಗಲೆಲ್ಲ ನನ್ನ ಕಣ್ಣು ಮೊದಲು ಹಲಗೆಯ ಕಡೆಗೆ ಹೋಗುತ್ತಿತ್ತು. ಮನೆಯಲ್ಲಿ ಓರೆ ತಲೆಯ, ಬೆವರಿನ ವಾಸನೆಯ, ನನ್ನತ್ತ ನೋಡದ ಮಗುವಿಗೆ ಹಾಲು ಕೊಡುವಾಗ ಆ ಇನ್ನೊಂದು ತಲೆ ನೆನಪಾಗುತ್ತಿತ್ತು. ನಿಜವಾದದ್ದು ಅಲ್ಲಿದೆ, ಇದು ಅದಕ್ಕೆ ಬದಲಾಗಿ ನನ್ನ ಕೈಗೆ ಬಂದದ್ದು ಅನ್ನಿಸುತ್ತಿತ್ತು. ಇದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ.

ಒಂದು ಮಧ್ಯಾಹ್ನ ಮಾಟುಂಗಾಕ್ಕೆ ತರಕಾರಿಗೆ ಹೋಗುತ್ತೇನೆಂದು ಅತ್ತೆಗೆ ಸುಳ್ಳು ಹೇಳಿ, ಮಗುವನ್ನು ಅವರ ಹತ್ತಿರ ಬಿಟ್ಟು, ಒಬ್ಬಳೇ ಬಾಂದ್ರಾಕ್ಕೆ ಹೋದೆ. ಕುಶಲಕರ್ಮಿ ಒಳಗೆಲ್ಲೋ ಇದ್ದ. ಹಲಗೆಯಿಂದ ತಲೆಯನ್ನು ಎರಡೂ ಕೈಯಿಂದ ಇಳಿಸಿದೆ. ತಣ್ಣಗಿತ್ತು, ನೆನೆಸಿದ್ದಕ್ಕಿಂತ ಭಾರ. ಬೆಂಚಿನ ಮೇಲೆ ಕೂತು ತೊಡೆಯ ಮೇಲಿಟ್ಟುಕೊಂಡೆ. ಕೈ ತಾನಾಗಿ ಅದರ ಹಿಂಭಾಗವನ್ನು ಸವರತೊಡಗಿತು. ದುಂಡಗೆ, ಎಲ್ಲೂ ತಗ್ಗಿಲ್ಲದೆ. "ಬಂದೆ ಕಂದ," ಅನ್ನುವುದು ಕೇಳಿಸಿತು. ಹೇಳಿದ್ದು ನಾನೇ.

ಕುಶಲಕರ್ಮಿ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

"ಕೂಸು ಎಲ್ಲೈತ್ರಿ?"

"ಮನೇಲಿದೆ."

ಅವನು ನನ್ನ ಎದುರು ಕುಕ್ಕರಗಾಲಲ್ಲಿ ಕೂತ. "ಹಿಂದಕ ಒಬ್ಬಾಕಿ ತಾಯಿ ಹಿಂಗ ಬರ್ತಿದ್ಳ್ರಿ. ಆಕಿ ಕೂಸಿನ ಕಾಲು ಇಲ್ಲಿತ್ತು. ಕೂಸು ತೀರಿಕೊಂಡಿತ್ತರಿ. ಆಕಿ ಬಂದು ಕಾಲು ತೊಡಿ ಮ್ಯಾಲ ಇಟ್ಕೊಂಡು ಕುಂದ್ರಾಕಿ. ನಾ ಏನ್ ಹೇಳಲಿ? ಒಂದಿನ ತಗೊಂಡು ಹೋಗ್ತೀನಿ ಅಂದ್ಳು, ಕೊಟ್ಟೆ. ಕೊಡಬಾರದಿತ್ತು." ನನ್ನ ತೊಡೆಯ ಮೇಲಿದ್ದುದನ್ನು ನೋಡಿ, "ನಿಮ್ಮ ಕೂಸು ಜೀವಂತ ಐತ್ರಿ ಅಕ್ಕಾರ," ಅಂದ.

ನನ್ನ ತೊಡೆಯಿಂದ ತಲೆಯನ್ನು ಎತ್ತಿಕೊಂಡು ಗೋಣಿಚೀಲದಲ್ಲಿ ಹಾಕಿದ. ಬೇಕಾದರೆ ಇನ್ನೊಂದು ಅಚ್ಚು ತೆಗೆಯುತ್ತೇನೆ ಎಂದು, ಚೀಲವನ್ನು ನೆಲದ ಮೇಲಿಟ್ಟು ಕೊಡತಿಯಿಂದ ಬಡಿದ. ಎರಡೇ ಪೆಟ್ಟು. ಚೀಲ ಕುಸಿಯಿತು. ನನ್ನ ಎದೆಯಲ್ಲಿ ಹಾಲು ಸುರಿದು ರವಿಕೆ ಒದ್ದೆಯಾಯಿತು.

ವಾಪಸು ಬರುವ ಲೋಕಲ್‌ನಲ್ಲಿ ನನಗೆ ಒಂದೇ ಯೋಚನೆ: ಆ ಪೆಟ್ಟು ಬಿದ್ದ ಹೊತ್ತಿಗೆ ಸರಿಯಾಗಿ ಮನೆಯಲ್ಲಿ ಏನಾಗಿರಬಹುದು. ವಡಾಲಾದಲ್ಲಿ ಇಳಿದು, ಬಸ್ಸಿಗೂ ಕಾಯದೆ ಓಡುನಡಿಗೆಯಲ್ಲಿ ಹೋದೆ. ಮೆಟ್ಟಿಲು ಹತ್ತುವಾಗ ಮನೆಯಿಂದ ಒಂದು ಸದ್ದೂ ಇರಲಿಲ್ಲ.

ಅತ್ತೆ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದರು. ಕಾಲುಗಳ ಮೇಲೆ ಹೆಲ್ಮೆಟ್ ಹಾಕಿಕೊಂಡ ಮಗು ಅಂಗಾತ ಮಲಗಿತ್ತು. ಅದರ ಮುಖ ಎಡಕ್ಕಿತ್ತು. ಬಾಗಿಲ ಕಡೆಗೆ, ನನ್ನ ಕಡೆಗೆ.

"ಈಗೊಂದು ಗಂಟೆ ಆಯ್ತು ಕಣೇ," ಅತ್ತೆ ಪಿಸುದನಿಯಲ್ಲಿ ಅಂದರು. "ಸುಮ್ಮನೆ ಮಲಗಿತ್ತು. ಏನೋ ಸದ್ದಾದ ಹಾಗೆ ಬೆಚ್ಚಿಬಿದ್ದು ಈ ಕಡೆ ತಿರುಗಿತು. ನಂಗೇನೂ ಕೇಳಿಸಲಿಲ್ಲ."

ನನ್ನ ಕೈಯಲ್ಲಿ ತರಕಾರಿ ಚೀಲ ಇಲ್ಲದ್ದನ್ನು ಅವರು ನೋಡಿದರು. ಮುಂದಿನ ಭೇಟಿಯಲ್ಲಿ ಡಾಕ್ಟರು ಕುತ್ತಿಗೆಯನ್ನು ಅತ್ತ ಇತ್ತ ಆಡಿಸಿ, ತಿಂಗಳುಗಟ್ಟಲೆ ಮಾಡಿಸಿದ ವ್ಯಾಯಾಮದ ಫಲ ಅಂದರು. ಗಂಡ ಕಚೇರಿಯವರಿಗೆಲ್ಲ ಪೇಡಾ ಹಂಚಿದರು. ಡಾಕ್ಟರು ಹೇಳಿದ್ದು ನಿಜವೇ ಇರಬೇಕು. ವರ್ಷಗಳ ನಂತರ ಗಂಡನಿಗೆ ಆ ಮಧ್ಯಾಹ್ನದ ಕಥೆ ಹೇಳಿದಾಗ ಅವರೂ ಅದನ್ನೇ ಹೇಳಿದರು, ಆದರೆ ಎದ್ದುಹೋಗಿ ಮಲಗಿದ್ದ ಮಗನನ್ನು ಒಮ್ಮೆ ನೋಡಿ ಬಂದ ಮೇಲೆ.

ಹಾಕಿಸಿ ಐದು ತಿಂಗಳಾದ ಮೇಲೆ ಹೆಲ್ಮೆಟ್ ಬಿಡಿಸಿದರು. ಮೂರನೆಯ ವರ್ಷ ಮೈಸೂರಿನಲ್ಲಿ ಚೌಲ. ಕ್ಷೌರಿಕ ಮಗನ ತಲೆ ಬೋಳಿಸುತ್ತ ಬಲಗಡೆ ಹಿಂದೆ ಒಂದು ಕಡೆ ಕತ್ತಿ ನಿಲ್ಲಿಸಿ, "ಇಲ್ಲಿ ಕೊಂಚ ಚಪ್ಪಟೆ ಇದೆಯಲ್ಲಮ್ಮ," ಅಂದ.

"ಇರಲಿ," ಅಂದೆ. ತೊಯ್ದ ತಲೆಯ ಮೇಲೆ ನಾನೂ ಕೈಯಾಡಿಸಿ ನೋಡಿದೆ. ಇತ್ತು, ಎರಡು ಬೆರಳಿನಷ್ಟು ಅಗಲ. ಮಗ ಕತ್ತು ಹೊರಳಿಸಿ ನನ್ನನ್ನು ನೋಡಿ, ಕಚಗುಳಿ ಆಗ್ತದೆ ಎಂದು ನಕ್ಕ. ನಾನು ಕೈ ತೆಗೆಯಲಿಲ್ಲ.